ಮೇಳದಲ್ಲಿ ಸ್ಟಾಲ್ ಹಾಕುವವರಿಗೆ: ದುಡ್ಡು ಚಾವಣಿಗೆ, ಉಳಿದದ್ದು ಅಟ್ಟದಿಂದ

ನೆಲದ ಮೇಲೆ ರಾಶಿ ಹಾಕಿದ ಕೈಚೀಲಕ್ಕೆ ಜನ ಚೌಕಾಸಿ ಮಾಡುತ್ತಾರೆ. ಅದೇ ಚೀಲವನ್ನು ಕಣ್ಣಿನ ಎತ್ತರಕ್ಕೆ ಒಂದೊಂದಾಗಿ ನೇತುಹಾಕಿದರೆ "ಇದನ್ನ ಮಾಡಿದ್ದು ಯಾರು?" ಅಂತ ಕೇಳುತ್ತಾರೆ. ಬಟ್ಟೆ ಅದೇ, ಹೊಲಿಗೆ ಅದೇ, ಬೆಲೆಯೂ ಅದೇ. ಸಾಗರದ ಕಡೆಯ ಮೇಳ, ಜಾತ್ರೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಹಾಗಾಗಿಯೇ ಸ್ಟಾಲ್ ಚೆಂದ ಇರಬೇಕು ಅಂತ ನಾನು ಹಟ ಹಿಡಿಯುತ್ತೇನೆ. ನಮ್ಮ ಕೈಕೆಲಸಕ್ಕೆ ಸಿಗುವ ಬೆಲೆ, ಮರ್ಯಾದೆ ಎರಡೂ ಅದರ ಮೇಲೆ ನಿಂತಿವೆ.

ಮಲೆನಾಡಿನಲ್ಲಿ ಕೈಕೆಲಸಕ್ಕೆ ಬರ ಇಲ್ಲ. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ಎಲ್ಲರಿಗೂ ಗೊತ್ತು. ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ಚರಕ ಅನ್ನುವ ಸಹಕಾರ ಸಂಘದ ಹೆಂಗಸರು ಸಹಜ ಬಣ್ಣದ ಕೈಮಗ್ಗದ ಬಟ್ಟೆ ಮಾಡುತ್ತಾರೆ. ದೀವರ ಮನೆಗಳ ಹಸೆ ಚಿತ್ತಾರ ಗೋಡೆಯಿಂದ ಇಳಿದು ಈಗ ಬಟ್ಟೆ, ಹಲಗೆಗಳ ಮೇಲೂ ಬಂದಿದೆ. ಲಾವಂಚದ ಬೀಸಣಿಗೆ, ಬಾಳೆನಾರಿನ ಚೀಲ, ಅಡಿಕೆ ಹಾಳೆಯ ತಟ್ಟೆ, ಮೇದಾರರ ಬುಟ್ಟಿ, ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಆದರೆ ಮೊದಲ ಸಲ ಸ್ಟಾಲ್ ಹಾಕಲು ಹೊರಟವರನ್ನು ಮಾತಾಡಿಸಿ ನೋಡಿ. ಬೆಂಗಳೂರಿನ ಯಾವುದೋ ಮೇಳದ ಫೋಟೋ ಮೊಬೈಲಿನಲ್ಲಿ ನೋಡಿ, ಅಲ್ಲಿನ ಕಬ್ಬಿಣದ ರ್‍ಯಾಕು, ಪ್ರಿಂಟ್ ಹೊಡೆಸಿದ ಪರದೆ, ಸ್ಪಾಟ್‌ಲೈಟು ಎಲ್ಲ ನೋಡಿ, "ನಮ್ಮ ಕೈಲಿ ಆಗೋದಲ್ಲ ಬಿಡಿ" ಅಂತ ಸುಮ್ಮನಾಗುತ್ತಾರೆ. ಅಂಥವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ನನ್ನ ಲೆಕ್ಕ ಸರಳ. ಕೈಯಿಂದ ದುಡ್ಡು ಹಾಕುವುದಿದ್ದರೆ ಚಾವಣಿಗೆ, ಬೆಳಕಿಗೆ ಹಾಕಿ. ಉಳಿದದ್ದೆಲ್ಲ ನಿಮ್ಮ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ತೋಟದಲ್ಲೋ ಆಗಲೇ ಇದೆ.

ಚಾವಣಿಯ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಇದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮ ಜಾತ್ರೆಗಳಲ್ಲಿ ಎಲ್ಲಿ ನೋಡಿದರೂ ನೀಲಿ ತಾಡಪಾಲು. ಅಗ್ಗಕ್ಕೆ ಸಿಗುತ್ತದೆ, ಅಡಿಕೆಗೆ, ಸೌದೆಗೆ ಹೊದಿಸಲು ಹೇಗೂ ಮನೆಯಲ್ಲಿ ಇರುತ್ತದೆ. ಆದರೆ ಬಿಸಿಲು ಅದರ ಮೂಲಕ ಇಳಿದು ಬರುವಾಗ ನೀಲಿಯಾಗಿಯೇ ಬರುತ್ತದೆ. ಕೆಳಗಿರುವುದೆಲ್ಲ ನೀಲಿ ಹೊಡೆಯುತ್ತದೆ. ಕೆಮ್ಮಣ್ಣಿನ ಕೆಂಪು ಮಂಕಾಗುತ್ತದೆ, ಅರಿಶಿನದ ಹಳದಿ ಹಸಿರಿಗೆ ತಿರುಗುತ್ತದೆ, ಅಕ್ಕಿ ಹಿಟ್ಟಿನ ಬಿಳಿ ಚಿತ್ತಾರ ನೀಲಿ ಅದ್ದಿದ ಹಾಗೆ ಕಾಣುತ್ತದೆ. ಗಿರಾಕಿಗಳ ಮುಖವೂ ಅಷ್ಟೆ. ಸೀರೆಯನ್ನೋ ಚೀಲವನ್ನೋ ಹಿಡಿದುಕೊಂಡು ಬಿಸಿಲಿಗೆ ಹೋಗಿ ನೋಡಿ ಬರುವವರನ್ನು ನೀವೂ ನೋಡಿರುತ್ತೀರಿ. ಅವರ ಕಣ್ಣು ಸರಿಯಾಗಿಯೇ ಇದೆ, ಚಾವಣಿಯದ್ದೇ ತೊಂದರೆ. ಕೆಂಪು, ಹಸಿರು ಶಾಮಿಯಾನದ್ದೂ ಇದೇ ಕಥೆ.

ಬಿಳಿ ತಾಡಪಾಲು ಸಿಕ್ಕಿದರೆ ಅದೇ ಒಳ್ಳೆಯದು. ಬೆಳಕು ಮೆತ್ತಗೆ ಹರಡಿಕೊಂಡು ಬರುತ್ತದೆ, ಬಣ್ಣ ಬಣ್ಣವಾಗಿಯೇ ಉಳಿಯುತ್ತದೆ. ಸಿಗದಿದ್ದರೆ ಒಂದು ಬದಿ ಬೆಳ್ಳಿ, ಇನ್ನೊಂದು ಬದಿ ಕಪ್ಪು ಇರುವ ದಪ್ಪ ತಾಡಪಾಲು ತನ್ನಿ. ಅದರಲ್ಲಿ ಬೆಳಕು ತೂರುವುದೇ ಇಲ್ಲ, ಎದುರಿನಿಂದ ಬರುವ ಬೆಳಕೇ ಒಳಗಿನ ಬೆಳಕು. ಕೆಳಗೆ ಒಂದು ಹಳೆ ಬಿಳಿ ಪಂಚೆ ಎಳೆದು ಕಟ್ಟಿದರೆ ಆ ಬೆಳಕು ಅದಕ್ಕೆ ತಾಗಿ ಸಾಮಾನಿನ ಮೇಲೆ ಬೀಳುತ್ತದೆ. ನೋಡಲೂ ಚೆಂದ. ನೀಲಿಯ ಕೆಳಗೆ ಬಿಳಿ ಪಂಚೆ ಕಟ್ಟಿದರೆ ಮಾತ್ರ ಪ್ರಯೋಜನ ಇಲ್ಲ, ಪಂಚೆಯೂ ನೀಲಿ ಆಗುತ್ತದೆ.

ಚಾವಣಿಯನ್ನು ಹಿಂದಕ್ಕೆ ಒಂದು ಅಡಿಯಾದರೂ ಇಳಿಜಾರು ಮಾಡಿ. ಮಳೆಗಾಲ ಅಲ್ಲವಲ್ಲ ಅಂತ ಚಪ್ಪಟೆ ಕಟ್ಟಬೇಡಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆ ನಮಗೆ ಹೊಸದಲ್ಲ ಅಲ್ವಾ? ಹತ್ತು ಅಡಿಗೆ ಹತ್ತು ಅಡಿ ಚಾವಣಿಯ ಮೇಲೆ ಒಂದೇ ಇಂಚು ನೀರು ನಿಂತರೂ ಅದು 230 ಲೀಟರಿಗಿಂತ ಜಾಸ್ತಿ. ಅಂದರೆ 230 ಕೆ.ಜಿ.ಗಿಂತ ಜಾಸ್ತಿ ಭಾರ ನಿಮ್ಮ ನಾಲ್ಕು ಬಿದಿರಿನ ಗಳಗಳ ಮೇಲೆ. ಇನ್ನು ಚಳಿಗಾಲದ ಮೇಳ ಅಂದರೆ ಇಬ್ಬನಿ. ರಾತ್ರಿ ಸಾಮಾನು ಅಲ್ಲೇ ಬಿಟ್ಟು ಬರುವ ಮೇಳವಾದರೆ ಬೆಳಗ್ಗೆ ತಾಡಪಾಲಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಇಳಿಜಾರು ಹಿಂದಕ್ಕಿದ್ದರೆ ಅದು ಹಿಂದೆ ಬೀಳುತ್ತದೆ, ಮುಂದಿನ ಸಾಮಾನಿನ ಮೇಲೆ ಬೀಳುವುದಿಲ್ಲ.

ಗಾಳಿಯ ಮಾತು. ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಒಂದು ಸಲ ಒಳಗೆ ನುಗ್ಗಿದರೆ ಅಷ್ಟು ದೊಡ್ಡ ಚಾವಣಿಯನ್ನು ಹೆಚ್ಚುಕಡಿಮೆ 70 ಕೆ.ಜಿ.ಯಷ್ಟು ಬಲದಿಂದ ಮೇಲೆತ್ತುತ್ತದೆ. ಮಳೆಗೆ ಮುಂಚೆ ಬೀಸುವ ಗಾಳಿಗೆ ಈ ವೇಗ ದೊಡ್ಡದೇನಲ್ಲ. ಮೈದಾನದಲ್ಲಿ ಗೂಟ ಹೊಡೆಯಬಹುದಾದರೆ ಸರಿ. ಕಾಂಕ್ರೀಟೋ ಟೈಲ್ಸೋ ಇದ್ದರೆ ಗೂಟ ಎಲ್ಲಿ ಹೊಡೆಯುವುದು? ಅದಕ್ಕೆ ನಾನು ಹೇಳುವುದು ಕುಡಿಯುವ ನೀರಿನ 20 ಲೀಟರ್ ಕ್ಯಾನು. ಒಂದು ಲೀಟರ್ ನೀರಿಗೆ ಒಂದು ಕೆ.ಜಿ., ಹಾಗಾಗಿ ತುಂಬಿದ ಕ್ಯಾನು 20 ಕೆ.ಜಿ. ನಾಲ್ಕು ಕಂಬಕ್ಕೆ ನಾಲ್ಕು ಕ್ಯಾನು ಅಂದರೆ 80 ಕೆ.ಜಿ. ಹೋಗುವಾಗ ಖಾಲಿ ಒಯ್ಯಬಹುದು, ಅಲ್ಲೇ ನಲ್ಲಿಯಲ್ಲಿ ತುಂಬಿಸಿಕೊಳ್ಳಬಹುದು, ಸಂಜೆ ಖಾಲಿ ಮಾಡಬಹುದು. ಹಗ್ಗವನ್ನು ಕ್ಯಾನಿನಿಂದ ಕಂಬದ ಬುಡಕ್ಕೆ ಕಟ್ಟಿದರೆ ಸಾಲದು. ಚಾವಣಿಯ ಮೂಲೆಗೇ ಕಟ್ಟಿ, ಹಗ್ಗವನ್ನು ಕಂಬದ ಉದ್ದಕ್ಕೆ ಇಳಿಸಿ, ಕೆಳಗೆ ಕ್ಯಾನನ್ನು ಕಂಬಕ್ಕೂ ಒಂದು ಸುತ್ತು ಬಿಗಿಯಿರಿ. ಆಗ ಅದು ಅಲ್ಲಾಡುವುದಿಲ್ಲ, ಓಡಾಡುವವರ ಕಾಲಿಗೂ ಸಿಗುವುದಿಲ್ಲ. ಕ್ಯಾನಿಗೆ ಒಂದು ಗೋಣಿಚೀಲ ಸುತ್ತಿ, ಪ್ಲಾಸ್ಟಿಕ್ ಕಾಣುವುದಿಲ್ಲ.

ಜಾಗ ಕೊಡುವಾಗ ಆಯ್ಕೆ ಇದೆ ಅಂತಾದರೆ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿದ ಸ್ಟಾಲ್ ಕೇಳಿ. ಮೇಳಕ್ಕೆ ಜನ ಸೇರುವುದು ಸಂಜೆ ನಾಲ್ಕರ ಮೇಲೆ. ಪಶ್ಚಿಮಕ್ಕೆ ಮುಖ ಮಾಡಿದ್ದರೆ ಆ ಹೊತ್ತಿನ ಇಳಿಬಿಸಿಲು ನೇರ ಒಳಗೆ ಬಂದು ನಿಮ್ಮ ಕಣ್ಣಿಗೂ ಚುಚ್ಚುತ್ತದೆ, ಸಹಜ ಬಣ್ಣದ ಬಟ್ಟೆಯನ್ನೂ ಬಿಳಿಚಿಸುತ್ತದೆ. ಚುರುಮುರಿ, ಮಿರ್ಚಿ ಮಾಡುವವರ ಗಾಳಿ ಬರುವ ಕಡೆ ಬೇಡ. ಎಣ್ಣೆ ಹೊಗೆ ಬಟ್ಟೆಗೆ ಹಿಡಿದರೆ ಹೋಗುವುದಿಲ್ಲ.

ಈಗ ಅಟ್ಟದ ಸಾಮಾನಿಗೆ ಬರೋಣ. ನನಗೆ ಬಹಳ ಇಷ್ಟದ ಭಾಗ ಇದು.

ಹಿಂದಿನ ಗೋಡೆಗೆ ಅಡಿಕೆ ದಬ್ಬೆಗಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ. ಚಪ್ಪರಕ್ಕೆ, ಅಟ್ಟಕ್ಕೆ ಅಂತ ಮರ ಸೀಳಿ ಇಟ್ಟುಕೊಂಡಿರುತ್ತೀರಲ್ಲ, ಅದರಲ್ಲಿ ನೆಟ್ಟಗಿರುವ ಏಳೆಂಟನ್ನು ಆರಿಸಿ, ತೆಂಗಿನ ನಾರಿನಿಂದ ಒರೆಸಿ, ಅಡ್ಡಡ್ಡ ಎರಡು ಗಳಕ್ಕೆ ಸುತಲಿ ಹಗ್ಗದಿಂದ ಬಿಗಿದರೆ ಸಾಕು. ಮಧ್ಯೆ ಮಧ್ಯೆ ಒಂದು ಕೈಯಗಲ ಸಂದು ಬಿಡಿ. ಗಾಳಿ ತೂರಿಕೊಂಡು ಹೋಗುತ್ತದೆ, ಹಾಗಾಗಿ ಬಟ್ಟೆಯ ಪರದೆಯ ಹಾಗೆ ಉಬ್ಬುವುದಿಲ್ಲ. ಚೀಲ, ಬೀಸಣಿಗೆ, ಚಿತ್ತಾರದ ಹಲಗೆ ಎಲ್ಲವನ್ನೂ ಇದಕ್ಕೇ ತೂಗುಹಾಕಬಹುದು. ಆ ಮರದ ಕಂದು ಬಣ್ಣ, ಉದ್ದುದ್ದ ಗೆರೆ ಎಷ್ಟು ಚೆಂದ ಅಂದರೆ, ಅದರ ಮುಂದೆ ಏನಿಟ್ಟರೂ ಎದ್ದು ಕಾಣುತ್ತದೆ. ಒಂದೇ ಎಚ್ಚರಿಕೆ, ಸಿಬರು. ಜನರ ಕೈ ತಾಗುವ ಕಡೆ ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ.

ದಬ್ಬೆ ಇಲ್ಲದವರು ಕರಿ ಕಂಬಳಿ ಕಟ್ಟಬಹುದು. ಕಪ್ಪಿನ ಮೇಲೆ ಬಿಳಿ ಚಿತ್ತಾರವೂ ತಿಳಿ ಬಣ್ಣದ ಬಾಳೆನಾರೂ ತುಂಬಾ ಚೆನ್ನಾಗಿ ಕಾಣುತ್ತವೆ. ಕಪ್ಪು ಮಣಿಯ ಒಡವೆ, ಗಾಢ ಬಣ್ಣದ ಬಟ್ಟೆ ಮಾರುವವರಾದರೆ ಚಾಪೆ ಒಳ್ಳೆಯದು.

ಮೇಜಿನ ಬಟ್ಟೆಗೆ ಅಂಗಡಿಗೆ ಹೋಗಬೇಡಿ. ಅಡಿಕೆ ಬೇಯಿಸುವ ಮನೆಯವರ ಹತ್ತಿರ ಒಂದು ಕೊಡ ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ನೀರು, ಕೇಳಿ ತನ್ನಿ. ಹಳೆ ಹತ್ತಿ ಬೆಡ್‌ಶೀಟನ್ನು ಚೆನ್ನಾಗಿ ಒಗೆದು, ಪಟಿಕ ಕರಗಿಸಿದ ನೀರಿನಲ್ಲಿ ನೆನೆಸಿ, ಆಮೇಲೆ ಚೊಗರಿನಲ್ಲಿ ಹಾಕಿ ಕುದಿಸಿ. ಒಳ್ಳೆ ಕಂದುಗೆಂಪು ಬರುತ್ತದೆ. ಪಾತ್ರೆ ಸ್ಟೀಲಿನದ್ದೋ ಅಲ್ಯೂಮಿನಿಯಮ್ಮಿನದ್ದೋ ಇರಲಿ. ಕಬ್ಬಿಣ ಸೇರಿದರೆ ಚೊಗರು ಕಪ್ಪಿಗೆ ತಿರುಗುತ್ತದೆ. ಕಪ್ಪೇ ಬೇಕು ಅನ್ನುವವರು ಬೇಕಂತಲೇ ನಾಲ್ಕು ತುಕ್ಕು ಹಿಡಿದ ಮೊಳೆ ಹಾಕಬಹುದು, ಅದೂ ಚೆಂದದ ಬಣ್ಣ. ಬಟ್ಟೆ ಮೇಜಿನ ಮೂರು ಕಡೆಯೂ ನೆಲ ಮುಟ್ಟುವಷ್ಟು ಇಳಿಬಿಡಬೇಕು. ಆಗ ಖಾಲಿ ಪೆಟ್ಟಿಗೆ, ಊಟದ ಡಬ್ಬಿ, ಚಪ್ಪಲಿ ಎಲ್ಲ ಅದರ ಕೆಳಗೆ ಹೋಗುತ್ತದೆ. ಇದೊಂದರಿಂದಲೇ ಸ್ಟಾಲ್ ಅರ್ಧ ಚೆಂದ ಆಗುತ್ತದೆ, ನಿಜ ಹೇಳುತ್ತಿದ್ದೇನೆ. ಹೂವು ಹೂವಿನ ಬಟ್ಟೆ ಮಾತ್ರ ಬೇಡ. ನೀವು ಮಾಡಿದ ವಸ್ತುವಿನ ಮೇಲಿನ ಚಿತ್ರ ಅದರಲ್ಲಿ ಕಳೆದುಹೋಗುತ್ತದೆ.

ಮೇಜಿನ ಎತ್ತರ ಸಾಮಾನ್ಯವಾಗಿ 30 ಇಂಚು. ಕೂತು ಊಟ ಮಾಡಲು ಅದು ಸರಿ, ನಿಂತು ನೋಡುವವರಿಗೆ ತಗ್ಗು. ಕಾಲುಗಳ ಕೆಳಗೆ ಇಟ್ಟಿಗೆಯನ್ನೋ ಜಂಬಿಟ್ಟಿಗೆ ಕಲ್ಲಿನ ಚೂರನ್ನೋ ಇಟ್ಟು 36 ಇಂಚಿಗೆ ಏರಿಸಿ. ಅದರ ಮೇಲೆ ಇನ್ನೆರಡು ಹಂತ ಮಾಡಿ. ಹಣ್ಣಿನ ಮರದ ಪೆಟ್ಟಿಗೆ ಮಗುಚಿ ಹಾಕಿದರೆ ಒಂದು ಹಂತ. ಹೆಡಿಗೆ (ದೊಡ್ಡ ಬುಟ್ಟಿ) ಬೋರಲು ಹಾಕಿ ಮೇಲೊಂದು ಗೆರಸಿ (ಅಗಲದ ಬಿದಿರು ತಟ್ಟೆ) ಇಟ್ಟರೆ ಇನ್ನೊಂದು ಹಂತ. ಸಣ್ಣ ಸಣ್ಣ ಸಾಮಾನನ್ನು, ಓಲೆ, ಕೀಚೈನು ಅಂಥದ್ದನ್ನು ಮೊರದಲ್ಲಿ ಹರಡಿ, ಹಿಂದಿನ ಅಂಚಿಗೆ ಒಂದು ಕಲ್ಲು ಕೊಟ್ಟು ಮುಂದಕ್ಕೆ ವಾಲಿಸಿ ಇಡಿ. ಮೊರದಲ್ಲಿ ಇಟ್ಟದ್ದನ್ನು ಮುಟ್ಟಿ ಆರಿಸಲು ಯಾರಿಗೂ ಸಂಕೋಚ ಆಗುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಸಂಕೋಚ ಆಗುತ್ತದೆ.

ಚಿತ್ತಾರ ಮಾರುವವರಿಗೆ ಒಂದು ಮಾತು. ಭೂಮಿ ಹುಣ್ಣಿಮೆಯ ಪೂಜೆಗೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಮನೆಯಲ್ಲಿದ್ದರೆ, ಮನೆಯವರು ಒಪ್ಪಿದರೆ, ಅದನ್ನು ತಂದು ಎಲ್ಲಕ್ಕಿಂತ ಎತ್ತರದಲ್ಲಿ ಇಡಿ. ಮಾರಾಟಕ್ಕಲ್ಲ ಅಂತ ಒಂದು ಚೀಟಿ ಹಚ್ಚಿ. ಕೆಮ್ಮಣ್ಣು ಬಳಿದು ಅದರ ಮೇಲೆ ಅಕ್ಕಿ ಹಿಟ್ಟಿನಲ್ಲಿ ಎಳೆದ ಆ ಗೆರೆಗಳನ್ನು ನೋಡಿದವರಿಗೆ ನಿಮ್ಮ ಚೀಲದ ಮೇಲಿರುವುದು ಎಲ್ಲಿಂದ ಬಂತು ಅಂತ ತಾನೇ ತಿಳಿಯುತ್ತದೆ. ಪಕ್ಕದಲ್ಲಿ ಪುಂಡಿ ನಾರಿನ ಕುಂಚ, ಒಂದು ಗರಟದಲ್ಲಿ ಅಕ್ಕಿ ಹಿಟ್ಟಿನ ಬಿಳಿ, ಇನ್ನೊಂದರಲ್ಲಿ ಸುಟ್ಟ ಅಕ್ಕಿಯ ಕಪ್ಪು ಇಡಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ಸುಮ್ನೆ ಕೂತಿರುವ ಬದಲು ಅಲ್ಲೇ ಬರೆಯಿರಿ. ಬಿಳಿ ಹಿಟ್ಟಿನಲ್ಲಿ ಅದ್ದಿದ ನಾರನ್ನು ನೂಲು ಎಳೆದಷ್ಟು ತೆಳ್ಳಗೆ ಎಳೆಯುತ್ತಾ ಹೋಗುವುದನ್ನು ನೋಡಲು ಮಕ್ಕಳು ನಿಲ್ಲುತ್ತಾರೆ, ಮಕ್ಕಳ ಹಿಂದೆ ಅಮ್ಮಂದಿರು ನಿಲ್ಲುತ್ತಾರೆ. ಆ ಗೆರೆ ಹಸಿಯಿರುವಾಗ ಅಷ್ಟಾಗಿ ಕಾಣುವುದಿಲ್ಲ, ಒಣಗುತ್ತಾ ಬಂದ ಹಾಗೆ ಬೆಳ್ಳಗೆ ಎದ್ದು ಬರುತ್ತದೆ. ಅದನ್ನು ಕಣ್ಣಾರೆ ನೋಡಿದವರು ಆಮೇಲೆ ಬೆಲೆಗೆ ವಾದ ಮಾಡುವುದು ಬಹಳ ಕಡಿಮೆ.

ತಂದಿದ್ದನ್ನೆಲ್ಲ ಒಟ್ಟಿಗೆ ಇಡಬೇಡಿ. ಇದು ಕಷ್ಟದ ಮಾತು, ಗೊತ್ತು. ತಿಂಗಳುಗಟ್ಟಲೆ ಮಾಡಿದ್ದು, ಎಲ್ಲ ಕಾಣಲಿ ಅನ್ನಿಸುತ್ತದೆ. ಆದರೂ ಒಂದೊಂದು ಬಗೆಯಲ್ಲಿ ಎರಡು ಮೂರು ಇಟ್ಟು, ಉಳಿದದ್ದು ಮೇಜಿನ ಕೆಳಗೆ ಇರಲಿ. ಮಾರಿದ ಹಾಗೆ ತೆಗೆದು ಇಡಿ. ಸುತ್ತ ಖಾಲಿ ಜಾಗ ಇದ್ದರೆ ವಸ್ತು ಕಾಣುತ್ತದೆ. ಇಡೀ ಸ್ಟಾಲಿನಲ್ಲಿ ನಿಮಗೆ ಅತ್ಯಂತ ಹೆಮ್ಮೆ ಅನ್ನಿಸುವ ಒಂದನ್ನು ಹಿಂದಿನ ಗೋಡೆಯ ನಡುವೆ, ನೆಲದಿಂದ ಐದು ಅಡಿ ಎತ್ತರಕ್ಕೆ ಒಂಟಿಯಾಗಿ ಹಾಕಿ. ಅದು ಮಾರಾಟ ಆಗದಿದ್ದರೂ ಚಿಂತೆ ಇಲ್ಲ, ದಾರಿಯಲ್ಲಿ ಹೋಗುವವರನ್ನು ನಿಲ್ಲಿಸುವುದೇ ಅದರ ಕೆಲಸ.

ಮೇಜನ್ನು ಎದುರಿಗೆ ಅಡ್ಡ ಇಡುವುದೋ ಪಕ್ಕಕ್ಕೆ ಇಟ್ಟು ಜನರನ್ನು ಒಳಗೆ ಬಿಡುವುದೋ ಅನ್ನುವುದು ಮೇಳದ ಮೇಲೆ ಹೋಗುತ್ತದೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿರಸಿಯದ್ದು ಎರಡು ವರ್ಷಕ್ಕೊಮ್ಮೆ. ಅಲ್ಲಿ ಸೇರುವ ಜನಸಾಗರಕ್ಕೆ ಒಳಗೆ ಬಿಟ್ಟರೆ ನಿಭಾಯಿಸಲು ಆಗುವುದಿಲ್ಲ, ಮೇಜು ಎದುರಿಗೇ ಇರಲಿ. ಶಿವಮೊಗ್ಗದಲ್ಲಿ ಎರಡು ದಿನ ನಡೆಯುವ ಸಣ್ಣ ಕರಕುಶಲ ಮೇಳ, ಕಾಲೇಜಿನ ಅಂಗಳದ ಸಂತೆ ಅಂಥದ್ದಕ್ಕೆ ಮೇಜನ್ನು ಒಂದು ಪಕ್ಕಕ್ಕೂ ಹಿಂದಕ್ಕೂ ಸೇರಿಸಿ ಮೂಲೆ ಮಾಡಿ, ಎದುರು ಪೂರ್ತಿ ಬಿಡಿ. ನೆಲಕ್ಕೆ ಗೋಣಿತಾಟು ಹಾಸಿ. ನಮ್ಮ ಕೆಂಪು ಧೂಳು ಎಷ್ಟು ಏಳುತ್ತದೆ ಅಂತ ಹೇಳಬೇಕಾಗಿಲ್ಲ. ಹಾಸುವ ಮುಂಚೆ ಒಂದು ಬಿಂದಿಗೆ ನೀರು ಚಿಮುಕಿಸಿದರೆ ಒಳ್ಳೆಯದು. ಒರೆಸುವ ಬಟ್ಟೆ ಕೈಗೆ ಸಿಗುವ ಹಾಗಿರಲಿ.

ಬೆಲೆ ಬರೆಯಿರಿ. ದಯವಿಟ್ಟು ಎಲ್ಲದಕ್ಕೂ ಬರೆಯಿರಿ. ನಮ್ಮ ಕಡೆಯ ಜನ ಬೆಲೆ ಕೇಳಲು ನಾಚಿಕೊಳ್ಳುತ್ತಾರೆ. ಕೇಳಿ, ಜಾಸ್ತಿ ಅನ್ನಿಸಿ, ತಗೊಳ್ಳದೆ ಹೋದರೆ ಏನಂದುಕೊಳ್ಳುತ್ತಾರೋ ಅಂತ ಕೇಳದೆಯೇ ಮುಂದೆ ಹೋಗುತ್ತಾರೆ. ಅಡಿಕೆ ಹಾಳೆಯನ್ನು ಸಣ್ಣ ಸಣ್ಣ ಚೌಕ ಕತ್ತರಿಸಿ, ಮಾರ್ಕರಿನಲ್ಲಿ ದೊಡ್ಡ ಅಂಕಿ ಬರೆದು, ದಾರ ಪೋಣಿಸಿ ಕಟ್ಟಿ. ಹಿಂಬದಿಯಲ್ಲಿ ಮಾಡಿದವರ ಹೆಸರು, ಊರು. ಹೆಸರಿರುವ ವಸ್ತುವನ್ನು ಜನ ಕೈಯಲ್ಲಿ ಹಿಡಿಯುವ ರೀತಿಯೇ ಬೇರೆ. ಮೇಳದ ಎರಡನೇ ದಿನ "ನಿನ್ನೆ ಒಂದು ಚೀಲ ನೋಡಿದ್ನಲ್ಲ, ಇಂಥವರು ಮಾಡಿದ್ದು" ಅಂತ ಹೆಸರು ಹಿಡಿದು ಹುಡುಕಿಕೊಂಡು ಬರುವವರೂ ಇದ್ದಾರೆ.

ಬೋರ್ಡಿಗೆ ಫ್ಲೆಕ್ಸ್ ಬೇಡ. ಒಂದು ಹಲಗೆಗೆ ಕೆಮ್ಮಣ್ಣು ಬಳಿದು ಬಿಳಿಯಲ್ಲಿ ಬರೆಯಿರಿ. ಅಕ್ಷರ ಒಂದು ಇಂಚು ಎತ್ತರ ಇದ್ದರೆ ಹತ್ತು ಅಡಿ ದೂರಕ್ಕೆ ಆರಾಮಾಗಿ ಓದಬಹುದು ಅನ್ನುವುದು ಬೋರ್ಡ್ ಬರೆಯುವವರ ರೂಢಿಯ ಲೆಕ್ಕ. ಕನ್ನಡಕ್ಕೆ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಸಾಲಿನ ನಡುವೆ ಜಾಗ ಬೇಕು, ಹಾಗಾಗಿ ಮೂವತ್ತು ಅಡಿಯಿಂದ ಕಾಣಬೇಕಾದರೆ ನಾಲ್ಕು ಇಂಚಿನ ಅಕ್ಷರ ಇರಲಿ. ಬೋರ್ಡನ್ನು ಮೇಜಿನ ಮುಂದೆ ಕಟ್ಟಬೇಡಿ. ಜನ ನಿಂತ ಕೂಡಲೇ ಮುಚ್ಚಿಹೋಗುತ್ತದೆ. ತಲೆಗಿಂತ ಮೇಲೆ ಇರಬೇಕು.

ಫೋನ್‌ಪೇ, ಗೂಗಲ್ ಪೇ ಕೋಡನ್ನು ಲ್ಯಾಮಿನೇಟ್ ಮಾಡಿಸಿ ಎರಡು ಕಡೆ ಕಟ್ಟಿ. ಜನ ಸೇರಿದ ಮೈದಾನದಲ್ಲಿ ನೆಟ್‌ವರ್ಕ್ ಕೈಕೊಡುವುದು ಗ್ಯಾರಂಟಿ, ಹತ್ತು, ಇಪ್ಪತ್ತರ ಚಿಲ್ಲರೆ ಬೇಕೇ ಬೇಕು.

ಬೆಳಕಿಗೆ ದುಡ್ಡು ಹಾಕಿ ಅಂದೆನಲ್ಲ. ಚಳಿಗಾಲದಲ್ಲಿ ಆರೂವರೆಗೆಲ್ಲ ಕತ್ತಲೆ, ಆಗಲೇ ಜನ ಬರುವುದು. ಮೇಳದವರು ಕೊಡುವ ಒಂದು ಬಿಳಿ ಟ್ಯೂಬ್‌ಲೈಟಿನಲ್ಲಿ ಮಣ್ಣಿನ ಬಣ್ಣ, ಮರದ ಬಣ್ಣ, ಚೊಗರಿನ ಬಣ್ಣ ಎಲ್ಲ ಸಪ್ಪೆ. ಹಳದಿ ಬೆಳಕಿನ ಎಲ್‌ಇಡಿ ಬಲ್ಬು ತನ್ನಿ, ಡಬ್ಬಿಯ ಮೇಲೆ 2700 ಅಥವಾ 3000 ಕೆ ಅಂತ ಬರೆದಿರುತ್ತದೆ. ಒಂಬತ್ತು ವ್ಯಾಟಿನ ಮೂರು ಸಾಕು. ಸಿಆರ್‌ಐ, ಅಂದರೆ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ, 90 ಇದ್ದರೆ ಇನ್ನೂ ಒಳ್ಳೆಯದು, ಸ್ವಲ್ಪ ದುಬಾರಿ ಆದರೂ ಬಟ್ಟೆ ಮಾರುವವರಿಗೆ ಅದು ಬೇಕು. ಬಲ್ಬು ಮುಂದಿನ ಅಡ್ಡ ಗಳಕ್ಕೆ ಒಳಮುಖವಾಗಿ ಇರಬೇಕು, ಬೆಳಕು ಸಾಮಾನಿನ ಮೇಲೆ ಬೀಳಬೇಕು, ಗಿರಾಕಿಯ ಕಣ್ಣಿಗೆ ಹೊಡೆಯಬಾರದು. ಕರೆಂಟು ಹೋದರೂ ಉರಿಯುವ ಚಾರ್ಜಿಂಗ್ ಬಲ್ಬು ಒಂದಾದರೂ ಇರಲಿ. ಸುತ್ತಲೂ ಕತ್ತಲಾದಾಗ ಬೆಳಕಿರುವ ಸ್ಟಾಲಿಗೇ ಎಲ್ಲರೂ ಬರುತ್ತಾರೆ.

ಮೇಳಕ್ಕೆ ಒಂದು ವಾರ ಮುಂಚೆ ಮನೆಯ ಅಂಗಳದಲ್ಲೇ ಪೂರ್ತಿ ಕಟ್ಟಿ ನೋಡಿ. ಇಪ್ಪತ್ತು ಅಡಿ ದೂರ ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕಣ್ಣಿಗೆ ಕಾಣದ್ದು ಫೋಟೋದಲ್ಲಿ ಕಾಣುತ್ತದೆ. ಯಾವುದು ಗಿಜಿಗಿಜಿ, ಯಾವುದು ಓರೆ, ಯಾವ ಮೂಲೆ ಕತ್ತಲೆ ಎಲ್ಲ ಗೊತ್ತಾಗುತ್ತದೆ. ಬಿಚ್ಚಿದ ಮೇಲೆ ಎಲ್ಲ ಒಂದು ಆಮ್ನಿಯಲ್ಲೋ ಲಗೇಜ್ ಆಟೋದಲ್ಲೋ ಹಿಡಿಯಬೇಕು. ಹಿಡಿಯದಿದ್ದರೆ ಏನನ್ನೋ ಬಿಡಿ. ಅದೇ ಫೋಟೋ ಮೇಳದ ದಿನ ಬೆಳಗ್ಗೆ ಮತ್ತೆ ಕಟ್ಟುವಾಗ ಉಪಯೋಗಕ್ಕೆ ಬರುತ್ತದೆ, ಸಹಾಯಕ್ಕೆ ಬಂದ ತಮ್ಮನಿಗೋ ನಾದಿನಿಗೋ ತೋರಿಸಿದರೆ ಸಾಕು.

ಮೇಳ ಮುಗಿಸಿ ಬಂದ ರಾತ್ರಿ ಎಷ್ಟೇ ಸುಸ್ತಾಗಿರಲಿ, ತಾಡಪಾಲು ಮತ್ತು ಕಂಬಳಿಯನ್ನು ಮಡಚಿದ ಹಾಗೇ ಮೂಲೆಗೆ ಹಾಕಬೇಡಿ. ಇಬ್ಬನಿಯ ತೇವ ಹಾಗೇ ಉಳಿದರೆ ನಮ್ಮ ಹವೆಯಲ್ಲಿ ನಾಲ್ಕೇ ದಿನಕ್ಕೆ ಬೂಷ್ಟು. ಜಗಲಿಯಲ್ಲಿ ಹರವಿ ಮಲಗಿ. ದಬ್ಬೆಗಳನ್ನು ಒಂದೇ ಕಟ್ಟು ಮಾಡಿ ಅಟ್ಟಕ್ಕೆ ಹಾಕುವಾಗ ಗುರುತಿಗೆ ಒಂದು ಕೆಂಪು ಬಟ್ಟೆ ಕಟ್ಟಿ ಇಡಿ, ಇಲ್ಲದಿದ್ದರೆ ಮುಂದಿನ ಚಪ್ಪರಕ್ಕೆ ಯಾರಾದರೂ ಎಳೆದುಕೊಂಡು ಹೋಗಿಬಿಡುತ್ತಾರೆ.